ಬೋರೇನಮ್ಮನ ಮಡಿ

ಆಯುಧಪೂಜೆಯ ದಿನ ಪ್ರಯೋಗಾಲಯದ ಸೀಸೆಗಳನ್ನೆಲ್ಲ ಒಂದೇ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಕುಂಕುಮ ಹಚ್ಚಿದರು. ಟ್ರೈಈಥೈಲ್ ಬೋರೇನಿಗೆ ಕಿಡಿ ತಾಗಿದರೂ ಹೊತ್ತಿ ಉರಿಯುವ ಅಸಿಟೋನಿನ ಪಕ್ಕದಲ್ಲೇ ಜಾಗ ಸಿಕ್ಕಿತು. ಬೋರೇನ್ ಗಾಳಿ ಸೋಕಿದರೆ ತಾನೇ ಹೊತ್ತಿಕೊಳ್ಳುವ ದ್ರವ. ಸೀಸೆಯಲ್ಲಿ ಗಾಳಿಯ ಬದಲು ನೈಟ್ರೋಜನ್ ತುಂಬಿಸಿಕೊಂಡು, ರಬ್ಬರ್ ಬಿರಡೆ ಬಿಗಿದುಕೊಂಡು ಬಾಳುತ್ತಿತ್ತು.

“ಸ್ವಲ್ಪ ದೂರ ನಿಲ್ಲಿ ಅಕ್ಕ. ಸೂಜಿ ಚುಚ್ಚಿ ಚುಚ್ಚಿ ನನ್ನ ಬಿರಡೆ ಸವೆದಿದೆ,” ಎಂದಿತು ಬೋರೇನ್.

“ಅಬ್ಬಬ್ಬಾ, ಏನು ಮಡಿಯೇ ನಿನ್ನದು!” ಎಂದಿತು ಅಸಿಟೋನ್. “ನಾನು ದಿನವಿಡೀ ಎಲ್ಲರ ಗಾಜು ತೊಳೆಯುವವಳು. ಬಾಯಿಗೆ ಮುಚ್ಚಳ ಹಾಕಿಕೊಂಡವಳೇ ಅಲ್ಲ. ನಿನಗೆ ಗಾಳಿಯೂ ಮುಟ್ಟಬಾರದೇ?”

“ನಿಮ್ಮ ಒಳ್ಳೆಯದಕ್ಕೇ ಹೇಳಿದೆ.”

“ಮಡಿಯವರೆಲ್ಲ ಹಾಗೇ ಹೇಳುವುದು.”

ಪೂಜೆ ಮುಗಿಯಿತು. ಬೋರೇನಿನ ಎರಡು ತೊಟ್ಟು ಬಿದ್ದರೆ ಹಟ ಹಿಡಿದ ರಾಸಾಯನಿಕ ಕ್ರಿಯೆಯೂ ಶುರುವಾಗುತ್ತದೆಂದು ಸಂಶೋಧಕಿ ಶಾರ್ವರಿ ಸಿರಿಂಜ್ ಚುಚ್ಚಿ ಎಳೆದುಕೊಂಡಳು. ಸೂಜಿ ಹೊರಬಂದಾಗ ತುದಿಯ ಹನಿಗೆ ಗಾಳಿ ಸೋಕಿತು. ಹಸಿರು ಜ್ವಾಲೆ ಭಗ್ಗೆಂದಿತು. ಶಾರ್ವರಿ ಸೂಜಿಯನ್ನು ಮರಳಿನಲ್ಲಿ ಹೂತು, ಅಸಿಟೋನಿನ ಬಾಯಿ ಮುಚ್ಚಿ ದೂರದ ಕಪಾಟಿಗೆ ಸಾಗಿಸಿದಳು. ಬೋರೇನಿಗೆ ಹೊಸ ಬಿರಡೆ ಬಂತು.

ಮರುದಿನ ಎಥನಾಲ್ ಆ ಮೇಜಿನ ಕಡೆ ಹೊರಟಿತ್ತು. ಕಪಾಟಿನಿಂದ ಅಸಿಟೋನ್ ಗದರಿತು:

“ದೂರ ನಿಲ್ಲೇ! ಬೋರೇನಮ್ಮನವರು ಮಡಿಯಲ್ಲಿದ್ದಾರೆ.”