ಹೊಂಬಾಳಮ್ಮ ಸಾರಿಸಿದ ಕೆರೆ

ಭೂಮಿಯ ಮೈಮೇಲಿನ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟಗಳು ಎಲ್ಲಿ ಕೂರಬೇಕು ಎಂದು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು. ನದಿಗಳು ದಾರಿಯಲ್ಲಿ ಸಿಕ್ಕವರನ್ನೆಲ್ಲ ‘ಸಮುದ್ರಕ್ಕೆ ಯಾವ ಕಡೆಯಿಂದ ಹೋಗಬೇಕು?’ ಎಂದು ಕೇಳಿಕೊಂಡು ಹೋಗುತ್ತಿದ್ದವು. ಆಗ ಮೀನಿಗೂ ಮಾತು ಬರುತ್ತಿತ್ತು, ಗಾಳಿಗೂ ಮಾತು ಬರುತ್ತಿತ್ತು. ಮನುಷ್ಯರಿಗಂತೂ ಬರುತ್ತಲೇ ಇತ್ತು, ಸ್ವಲ್ಪ ಹೆಚ್ಚಾಗಿಯೇ.

ಆ ಕಾಲದಲ್ಲಿ ಒಂದು ಊರಿನಲ್ಲಿ ಹೊಂಬಾಳಮ್ಮ ಎಂಬ ಹೆಂಗಸಿದ್ದಳು. ಅವಳಷ್ಟು ಚೊಕ್ಕಟದವಳು ಊರಲ್ಲಿ ಇನ್ನೊಬ್ಬಳಿರಲಿಲ್ಲ. ಅಂಗಳ ಗುಡಿಸುತ್ತಿದ್ದಳು, ಬೀದಿ ಗುಡಿಸುತ್ತಿದ್ದಳು, ಮರದ ನೆರಳು ಬಿದ್ದ ಜಾಗವನ್ನೂ ಗುಡಿಸುತ್ತಿದ್ದಳು. ನೆರಳು ಹೋಗಲಿಲ್ಲವಲ್ಲ ಎಂದು ಇನ್ನೊಂದು ಸಲ ಗುಡಿಸುತ್ತಿದ್ದಳು. ಅವಳ ಮನೆಯ ಮುಂದೆ ಹಾಯುವಾಗ ಗಾಳಿ ಕೂಡ ತರಗೆಲೆಗಳನ್ನೆಲ್ಲ ಆಚೆ ಬೀದಿಯಲ್ಲೇ ಕೆಳಗಿಟ್ಟು ಬರಿಗೈಯಲ್ಲಿ ಬರುತ್ತಿತ್ತು.

ಪಕ್ಕದ ಮನೆಯ ಚಿಕ್ಕತಾಯಿ ಇದಕ್ಕೆ ತದ್ವಿರುದ್ಧ. ಅವಳ ಹಿತ್ತಲ ತುಂಬ ಜಾಲಿಯ ಕೊಂಬೆ, ಬಿದಿರಿನ ಬುಡ, ತಳ ಕಿತ್ತುಹೋದ ಮಂಕರಿ ಬುಟ್ಟಿ. ಅದರೊಳಗೆ ಕೋಳಿಗಳು ಎಲ್ಲಿ ಮೊಟ್ಟೆಯಿಡುತ್ತಿದ್ದವೋ ಚಿಕ್ಕತಾಯಿಗೇ ಗೊತ್ತಿರುತ್ತಿರಲಿಲ್ಲ. ಮರಿಗಳು ಚಿಂವ್ ಚಿಂವ್ ಎಂದು ಈಚೆ ಬಂದಾಗ, ‘ಓ, ಬಂದ್ರಾ!’ ಎನ್ನುತ್ತಿದ್ದಳು.

“ನಿನ್ನ ಹಿತ್ಲು ನೋಡಿದ್ರೆ ನಂಗೆ ತಲೆ ಸುತ್ತುತ್ತೆ ಕಣಮ್ಮಿ,” ಎಂದು ಹೊಂಬಾಳಮ್ಮ ಮೂಗು ಮುರಿಯುತ್ತಿದ್ದಳು.

“ನೋಡಬ್ಯಾಡ ಕಣಕ್ಕ, ಆ ಕಡೆ ತಿರುಗ್ಕೊಂಡು ಗುಡಿಸು,” ಎಂದು ಚಿಕ್ಕತಾಯಿ ನಗುತ್ತಿದ್ದಳು.

ಆ ಊರಿಗೆ ನೀರಿರಲಿಲ್ಲ. ಒಂದು ಕೊಡ ನೀರಿಗೆ ಎರಡು ಗುಡ್ಡ ಹತ್ತಿ ಇಳಿಯಬೇಕಿತ್ತು. ಅದಕ್ಕೇ ಊರವರೆಲ್ಲ ಸೇರಿ ತಗ್ಗಿನ ಜಾಗದಲ್ಲಿ ಮಣ್ಣಿನ ಏರಿ ಹಾಕಿದರು. ಅಂಥದ್ದನ್ನು ಅದಕ್ಕೂ ಮುಂಚೆ ಯಾರೂ ಕಟ್ಟಿರಲಿಲ್ಲ. ಅದೇ ಮೊದಲ ಕೆರೆ. ಎಲ್ಲರಿಗಿಂತ ಹೆಚ್ಚು ಮಣ್ಣು ಹೊತ್ತವಳು ಹೊಂಬಾಳಮ್ಮ. ಹೊತ್ತು ಹೊತ್ತು ಅವಳ ನೆತ್ತಿಯ ಕೂದಲೇ ಸವೆದಿತ್ತು.

ಏರಿಯ ಕೆಲಸ ಮುಗಿಯಿತು. ಊರವರು ಕೈ ಕೊಡವಿಕೊಂಡು ಮನೆಗೆ ಹೋದರು. ಹೊಂಬಾಳಮ್ಮ ಮಾತ್ರ ಪೊರಕೆ ಹಿಡಿದು ಕೆರೆಯ ಅಂಗಳಕ್ಕಿಳಿದಳು.

ಏಳು ದಿನ ಗುಡಿಸಿದಳು. ಕಡ್ಡಿ ಕಂಡರೆ ಕಡ್ಡಿ ಎತ್ತಿದಳು, ಕಲ್ಲು ಕಂಡರೆ ಕಲ್ಲು ಎತ್ತಿದಳು, ಮರದ ಮೋಟು ಕಂಡರೆ ಬೇರುಸಮೇತ ಕಿತ್ತಳು. ಆಮೇಲೆ ಊರಿನ ಸಗಣಿಯನ್ನೆಲ್ಲ ತರಿಸಿ ಕಣ ಸಾರಿಸಿದ ಹಾಗೆ ಕೆರೆಯ ತಳವನ್ನೆಲ್ಲ ಸಾರಿಸಿದಳು. ಸಾರಿಸಿದ ಮೇಲೆ ಬರಿದಾಗಿ ಬಿಡುವುದುಂಟೇ? ನಡುವೆ ಒಂದು ದೊಡ್ಡ ರಂಗೋಲಿಯನ್ನೂ ಇಟ್ಟಳು.

ಚಿಕ್ಕತಾಯಿ ಏರಿಯ ಮೇಲೆ ಎಲೆಯಡಿಕೆ ಅಗಿಯುತ್ತ ಕೂತಿದ್ದಳು. “ಅಲ್ಲ ಕಣಕ್ಕ, ನೀರಲ್ಲಿ ಮುಳುಗೋ ನೆಲಕ್ಕೆ ಯಾಕೆ ಇಷ್ಟೊಂದು ಸಿಂಗಾರ?”

“ಕೆರೆ ಮೊದಲ್ನೇ ಸಲ ಮನೆಗೆ ಬತ್ತಾಳೆ. ಬರೋಳಿಗೆ ಮನೆ ಚೊಕ್ಕಟವಾಗಿರಬೇಡ್ವಾ?” ಎಂದಳು ಹೊಂಬಾಳಮ್ಮ.

ಎಂಟನೆಯ ದಿನ ಮಳೆ ಬಂತು. ಮೇಲಿನ ಗುಡ್ಡದಿಂದ ತೊರೆ ಕುಣಿಯುತ್ತ ಇಳಿಯಿತು. ತಗ್ಗು ತುಂಬಿತು. ಕೆರೆ ಕಣ್ಣು ಬಿಟ್ಟಳು. ಏರಿಯ ಮೇಲೆ ತೊಯ್ದು ತೊಪ್ಪೆಯಾಗಿ ನಿಂತಿದ್ದ ಹೊಂಬಾಳಮ್ಮನನ್ನೇ ಮೊದಲು ನೋಡಿ, “ಅವ್ವಾ,” ಎಂದು ಕರೆದಳು.

ಹೊಂಬಾಳಮ್ಮನಿಗೆ ಮಕ್ಕಳಿರಲಿಲ್ಲ. ಆ ಒಂದು ಮಾತಿಗೆ ಅವಳ ಎದೆ ತುಂಬಿಬಂತು. ಮಳೆಯಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲವೆಂದು ಧೈರ್ಯವಾಗಿ ಅತ್ತಳು.

ತೊರೆಯ ಜೊತೆ ಮೀನುಗಳೂ ಬಂದವು. ದಪ್ಪ ತುಟಿಯ ಗೆಂಡೆ ಬಂತು, ಹಾವಿನ ತಲೆಯ ಕೊರವ ಬಂತು, ಸಾಸಿವೆ ಚೆಲ್ಲಿದ ಹಾಗೆ ಸಾಸಲು ಮೀನುಗಳ ಹಿಂಡೇ ಬಂತು. ಬಂದ ಮೀನುಗಳು ಕೆರೆಯ ತಳವನ್ನು ಒಂದು ಸುತ್ತು ನೋಡಿದವು, ಎರಡು ಸುತ್ತು ನೋಡಿದವು. ಆಮೇಲೆ ಒಂದರ ಹಿಂದೊಂದು ಕೋಡಿಯ ಕಡೆ ಹೊರಟವು. ಕೆರೆ ತುಂಬಿ ಮಿಕ್ಕ ನೀರು ಆಚೆ ಹರಿದುಹೋಗುತ್ತದಲ್ಲ, ಅದೇ ಕೋಡಿ. ಅದು ಹರಿಯುವಷ್ಟು ದಿನ ಕೆರೆಗೆ ಹಿಂಬಾಗಿಲು ತೆರೆದ ಹಾಗೆ.

ಮಿಂಚುಳ್ಳಿಗೆ ಮಾತ್ರ ಹಬ್ಬ. ಹೋಗುವ ಮೀನುಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿ ಆರಿಸಿ ತಿಂದಿತು. “ಬಲು ಚೊಕ್ಕಟ ಹೊಂಬಾಳಮ್ಮ! ಅಡ್ಡ ಒಂದು ಕಡ್ಡಿಯಿಲ್ಲ. ನಿನ್ನ ಕೈಗೆ ಬಂಗಾರದ ಬಳೆ ಹಾಕಬೇಕು!” ಎಂದು ಹೊಗಳಿತು. ಆ ಹೊಗಳಿಕೆ ಕೇಳಿ ಮೊದಲ ಸಲ ಹೊಂಬಾಳಮ್ಮನ ಮುಖ ಸಣ್ಣಗಾಯಿತು.

ಕೆರೆ ಮಂಕಾದಳು. ತೊರೆ ಅವಳ ಕಿವಿಯ ಹತ್ತಿರ ಬಂದು, “ಇಲ್ಲಿ ಒಬ್ಬಳೇ ಕೂತು ಏನು ಮಾಡ್ತೀಯ? ನನ್ನ ಜೊತೆ ಬಾ, ಸಮುದ್ರ ನೋಡೋಣ,” ಎಂದು ಕರೆಯಿತು. ದಿನವೂ ಕರೆಯಿತು.

ಕೊನೆಗೊಂದು ದಿನ ಕೆರೆ ಬಾಯಿಬಿಟ್ಟಳು. “ಅವ್ವಾ, ನಂಗೆ ಇಲ್ಲಿ ಬೇಜಾರು. ನನ್ನೊಳಗೆ ಯಾರೂ ನಿಲ್ತಾ ಇಲ್ಲ. ಕೋಡಿ ಹರಿಯೋದು ನಿಂತುಹೋದ್ರೆ ಬಾಗಿಲು ಮುಚ್ಚಿಹೋಗುತ್ತೆ. ಅಷ್ಟರೊಳಗೆ ಒಂದು ಮೀನಾದ್ರೂ ಇಲ್ಲೇ ಉಳಿದ್ರೆ ನಾನೂ ಉಳೀತೀನಿ. ಇಲ್ದಿದ್ರೆ ತೊರೆ ಜೊತೆ ಹೋಗ್ತೀನಿ.”

ಊರಿನ ನೀರು ಕೈಬಿಟ್ಟು ಹೋಗುವುದು ಒಂದು ಕಡೆ, ‘ಅವ್ವಾ’ ಎಂದ ಮಗಳು ಹೋಗುವುದು ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಹೊಂಬಾಳಮ್ಮನನ್ನು ಕೇಳಬೇಡ ಮಗು.

ಅವಳು ಓಡಿಹೋಗಿ ರಾಗಿಮುದ್ದೆ ತಂದಳು. ಮೀನುಗಳನ್ನು ಕೂಗಿ ಕರೆದು ತುತ್ತು ಮಾಡಿ ಹಾಕಿದಳು. ಮೀನುಗಳು ಉಂಡವು, ಬಾಲ ಬಡಿದು ‘ಚೆನ್ನಾಗಿತ್ತು’ ಎಂದವು, ಹೊರಟುಹೋದವು. ಮಾರನೆಯ ದಿನ ಅವರೆಕಾಳು ಬೇಯಿಸಿ ತಂದಳು. ಉಂಡವು, ‘ಇದೂ ಚೆನ್ನಾಗಿತ್ತು’ ಎಂದವು, ಹೊರಟುಹೋದವು.

ಕೊನೆಗೆ ಒಂದೇ ಒಂದು ಗೆಂಡೆ ಉಳಿಯಿತು. ಅದಕ್ಕೆ ಹೊಟ್ಟೆ ತುಂಬ ಮೊಟ್ಟೆ. ಏದುಸಿರು ಬಿಡುತ್ತ ನಿಧಾನವಾಗಿ ಕೋಡಿಯ ಕಡೆ ಹೋಗುತ್ತಿತ್ತು.

“ತಾಯಿ, ನೀನಾದ್ರೂ ನಿಂತ್ಕೊ,” ಎಂದು ಹೊಂಬಾಳಮ್ಮ ಕೈಮುಗಿದಳು. “ನನ್ನ ಮಗಳಲ್ಲಿ ಏನು ಕಮ್ಮಿ ಅದೆ? ನೀರು ಸಿಹಿಯಾಗಿಲ್ವಾ?”

“ನೀರು ಸಿಹಿಯಾಗೇ ಅದೆ ಕಣವ್ವ,” ಎಂದಿತು ಗೆಂಡೆ. “ಆದ್ರೆ ಇದು ಮನೆಯಲ್ಲ, ಬರೀ ಅಂಗಳ. ಒರಗೋಕೆ ಮೂಲೆಯಿಲ್ಲ, ಬಚ್ಚಿಟ್ಕೊಳ್ಳೋಕೆ ಸಂದಿಯಿಲ್ಲ. ನಾಳೆ ನಾನು ಮೊಟ್ಟೆ ಎಲ್ಲಿಡಲಿ? ನಿನ್ನ ರಂಗೋಲಿ ಮೇಲಾ? ಮೇಲಿನ ತೊರೇಲಿ ಒಂದು ಮರ ಬಿದ್ದಿತ್ತು. ಅದರ ಕೊಂಬೆ ಸಂದೀಲಿ ಎಷ್ಟು ಸುಖವಾಗಿದ್ವಿ ಅಂತೀಯ!”

ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. ಏಳು ದಿನ ಅವಳು ಕಿತ್ತು ಎಸೆದದ್ದು ಕಸವಾಗಿರಲಿಲ್ಲ, ಮೀನುಗಳ ಮನೆಯಾಗಿತ್ತು.

“ನಾಳೆವರೆಗೆ ತಡ್ಕೊ ತಾಯಿ,” ಎಂದವಳೇ ಮಚ್ಚು ಹಿಡಿದು ಓಡಿದಳು. ಕೊಂಬೆ ಕಡಿದಳು. ಆದರೆ ಹೊಂಬಾಳಮ್ಮ ಹೊಂಬಾಳಮ್ಮನೇ ಅಲ್ಲವೇ? ಸೊಟ್ಟ ಕೊಂಬೆಗಳನ್ನೆಲ್ಲ ಬಿಟ್ಟು ನೆಟ್ಟಗಿರುವುದನ್ನಷ್ಟೇ ಆರಿಸಿದಳು. ಎಲೆ ಸವರಿದಳು, ತೊಗಟೆ ಹೆರೆದಳು, ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಬಳ್ಳಿಯ ಹಂಬಿನಿಂದ ಬಿಗಿದು ಕಟ್ಟಿ, ಹರಗೋಲಿನಲ್ಲಿ ಹೋಗಿ ನೀರಿಗೆ ಬಿಟ್ಟಳು. ಅದು ತೇಲಿತು. ಕಲ್ಲು ಕಟ್ಟಿ ಮತ್ತೆ ಬಿಟ್ಟಳು. ಮುಳುಗಿತು.

ಗೆಂಡೆ ಹೋಗಿ ಮೂತಿ ತೂರಿಸಿ ನೋಡಿತು. ಮೂತಿಗೆ ಪೆಟ್ಟಾಯಿತು. “ಇದು ಸೌದೆ ಹೊರೆ ಕಣವ್ವ! ಇದ್ರೊಳಗೆ ಇರುವೇನೂ ಹೋಗಾಕಿಲ್ಲ,” ಎಂದು ಮುಖ ಊದಿಸಿಕೊಂಡಿತು.

ಅಷ್ಟರಲ್ಲಿ ಬೆಳಗಾಗಿ ಹೊತ್ತು ಏರಿತ್ತು. ಕೋಡಿ ಸಣ್ಣಗಾಗುತ್ತ ಬಂದಿತ್ತು. ತೊರೆ, “ಹೊರಡು ಹೊರಡು,” ಎಂದು ಅವಸರ ಮಾಡುತ್ತಿತ್ತು.

ಆಗ ಹೊಂಬಾಳಮ್ಮ ತನ್ನ ಜನ್ಮದಲ್ಲೇ ಮಾಡದ ಕೆಲಸವೊಂದನ್ನು ಮಾಡಿದಳು. ಚಿಕ್ಕತಾಯಿಯ ಹಿತ್ತಲಿಗೆ ಕಾಲಿಟ್ಟಳು. ಸೀರೆಯ ಸೆರಗು ಜಾಲಿಗೆ ಸಿಕ್ಕಿಕೊಂಡಿತು, ಕಾಲಿಗೆ ಮಂಕರಿ ತಗುಲಿತು, ಒಂದು ಹೇಂಟೆ ಕೊಕ್ಕೊಕ್ಕೋ ಎಂದು ಅವಳ ಮೇಲೇ ಹಾರಿತು.

“ಅಮ್ಮಿ ಚಿಕ್ಕತಾಯಿ,” ಎಂದಳು ತಲೆ ತಗ್ಗಿಸಿ. “ನಂಗೆ ಗಲೀಜು ಮಾಡೋದು ಹೇಳ್ಕೊಡು.”

ಚಿಕ್ಕತಾಯಿ ಬಾಯಲ್ಲಿದ್ದ ಎಲೆಯಡಿಕೆ ನುಂಗಿಯೇಬಿಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು ನೋಡಿದರೆ ಹೊಂಬಾಳಮ್ಮನ ಕಣ್ಣಲ್ಲೂ ನೀರು, ಆದರೆ ಅದು ನಗುವಿನದಲ್ಲ. ಚಿಕ್ಕತಾಯಿ ಗಪ್ಪನೆ ಎದ್ದು ನಿಂತಳು.

“ಏಳಕ್ಕ, ಹಿಡಿ ಆ ಕೊಂಬೇನ. ನನ್ನ ಹಿತ್ಲೇ ನಿನ್ನ ಮಗಳಿಗೆ ಬಳುವಳಿ.”

ಇಬ್ಬರೂ ಹೊತ್ತರು. ಜಾಲಿಯ ಕೊಂಬೆ, ಬಿದಿರಿನ ಬುಡ, ಮಂಕರಿ, ಎಲ್ಲವನ್ನೂ ಹರಗೋಲಿಗೆ ತುಂಬಿ ಕೆರೆಯ ನಡುವಿಗೆ ಹೋದರು. ಚಿಕ್ಕತಾಯಿ ಹೇಳುತ್ತ ಹೋದಳು, ಹೊಂಬಾಳಮ್ಮ ಮಾಡುತ್ತ ಹೋದಳು.

“ಬುಡಕ್ಕೆ ಮಾತ್ರ ಕಲ್ಲು ಕಟ್ಟು. ತುದೀನ ಕಟ್ಟಬ್ಯಾಡ, ಅದು ಕೆದರ್ಕೊಂಡಿರ್ಲಿ. ಒಂದು ಹಿಂಗೆ ಹಾಕು, ಇನ್ನೊಂದು ಅಡ್ಡ ಹಾಕು. ಅಯ್ಯೋ, ನೋಡ್ಕೊಂಡು ಹಾಕಬ್ಯಾಡ್ವೇ! ಕಣ್ಣು ಮುಚ್ಕೊಂಡು ಹಾಕು!”

“ಸಂದಿ ಎಷ್ಟಿರ್ಬೇಕು?”

“ನಿನ್ನ ಕೈ ತೂರಬೇಕು, ತಲೆ ತೂರಬಾರ್ದು. ಮೀನಿನ ಮರಿ ಒಳಗೋಗ್ಬೇಕು, ಮಿಂಚುಳ್ಳಿ ಆಚೆ ಕೂತು ಬಾಯ್ ಬಾಯ್ ಬಿಡಬೇಕು.”

ಹೊಂಬಾಳಮ್ಮ ಕಣ್ಣು ಮುಚ್ಚಿ ಹಾಕಿದಳು. ಕೊಂಬೆಗಳ ಗುಡ್ಡೆ ಮುಳುಗಿತು. ಕಣ್ಣು ಬಿಟ್ಟು ನೋಡಿದರೆ ಒಂದು ಕೊಂಬೆ ಮಾತ್ರ ಸೊಟ್ಟಗೆ ನೀರಿನ ಮೇಲೆ ತಲೆ ಎತ್ತಿ ನಿಂತಿತ್ತು. ಅವಳ ಕೈ ತಡೆಯಲಿಲ್ಲ. ನೆಟ್ಟಗೆ ಮಾಡೋಣವೆಂದು ತಾನಾಗಿಯೇ ಮುಂದೆ ಹೋಯಿತು.

ಚಿಕ್ಕತಾಯಿ ಆ ಕೈಯನ್ನು ಗಬಕ್ಕನೆ ಹಿಡಿದುಕೊಂಡಳು. “ಮುಟ್ಟೀಯ, ಜೋಕೆ!”

ಹೊಂಬಾಳಮ್ಮ ಹಲ್ಲು ಕಚ್ಚಿ ಕೂತಳು. ಅವಳ ಬಾಳಿನಲ್ಲಿ ಅಷ್ಟು ಕಷ್ಟದ ಕೆಲಸ ಮತ್ತೊಂದಿರಲಿಲ್ಲ. ಏಳು ದಿನ ಗುಡಿಸಿದ್ದೂ ಕಷ್ಟವಲ್ಲ, ಸಾವಿರ ಮಂಕರಿ ಮಣ್ಣು ಹೊತ್ತದ್ದೂ ಕಷ್ಟವಲ್ಲ. ಒಂದು ಸೊಟ್ಟ ಕೊಂಬೆಯನ್ನು ಸೊಟ್ಟಗೇ ಬಿಟ್ಟು ಸುಮ್ಮನೆ ಕೂರುವುದು ಅವಳಿಗೆ ಪ್ರಾಣಸಂಕಟವಾಗಿತ್ತು.

ಕೋಡಿಯ ನೀರು ಬೆರಳಿನಷ್ಟು ಸಣ್ಣಗಾಯಿತು. ಗೆಂಡೆ ಅದರ ಅಂಚಿನಲ್ಲಿ ನಿಂತು ಹಿಂದೆ ತಿರುಗಿ ನೋಡಿತು. ಕೆರೆ ಉಸಿರು ಬಿಗಿಹಿಡಿದಳು. ತೊರೆ ಕೈ ಚಾಚಿ ನಿಂತಿತು.

ಗೆಂಡೆ ಮೆಲ್ಲಗೆ ಬಂತು. ಗುಡ್ಡೆಯ ಸುತ್ತ ಒಂದು ಸುತ್ತು ಹಾಕಿತು. ಒಂದು ಸಂದಿಯಲ್ಲಿ ಮೂತಿ ತೂರಿಸಿತು, ಆಮೇಲೆ ತಲೆ, ಆಮೇಲೆ ದಪ್ಪ ಹೊಟ್ಟೆ. ಕೊನೆಗೆ ಬಾಲವೂ ಒಳಗೆ ಹೋಯಿತು. ಅದು ಒಳಗೆ ಅತ್ತ ಇತ್ತ ಹೊರಳಿ ಮೈ ಹಗುರ ಮಾಡಿಕೊಳ್ಳುತ್ತಿದ್ದಂತೆ ಕೊಂಬೆಯ ತುದಿಗಳು ಅಲ್ಲಾಡಿದವು.

ಕೆರೆಗೆ ಕಚಗುಳಿಯಾಯಿತು. ಹುಟ್ಟಿದ ಮೇಲೆ ಒಮ್ಮೆಯೂ ನಕ್ಕಿರದ ಕೆರೆ ಕಿಲಕಿಲ ನಕ್ಕಳು. ನಕ್ಕಾಗ ನೀರಿನ ಮೇಲೆ ಗುಳುಗುಳು ಗುಳ್ಳೆಗಳೆದ್ದವು, ಬಳೆಯಂಥ ಅಲೆಗಳು ಒಂದರೊಳಗಿಂದ ಒಂದು ಅಗಲವಾಗುತ್ತ ಹೋದವು.

“ಅವ್ವಾ, ಯಾರೋ ಬಂದವ್ರೆ! ನನ್ನೊಳಗೆ ಯಾರೋ ಅವ್ರೆ!” ಎಂದು ಕೂಗಿದಳು.

ಕೋಡಿ ನಿಂತುಹೋಯಿತು. ತೊರೆ, “ಆಗಲಿ, ನಿನ್ನ ಹಣೇಲಿ ಸಮುದ್ರ ಬರೆದಿಲ್ಲ,” ಎಂದು ಗೊಣಗಿಕೊಂಡು ತನ್ನ ದಾರಿ ಹಿಡಿಯಿತು. ಹರಗೋಲಿನಲ್ಲಿ ಚೊಕ್ಕಟದವಳೂ ಗಲೀಜಿನವಳೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಇಬ್ಬರ ಮೈಯೂ ಕೆಸರೋ ಕೆಸರು. ಅವತ್ತು ಹೊಂಬಾಳಮ್ಮ ಅದನ್ನು ಒರೆಸಿಕೊಳ್ಳಲೂ ಇಲ್ಲ.

ಮೊಟ್ಟೆಯೊಡೆದು ಮರಿಗಳಾದವು. ಮರಿಗಳ ಸುದ್ದಿ ಕೇಳಿ, ಮುಂದಿನ ಮಳೆಯಲ್ಲಿ ಬಂದ ಕೊರವ ಅಲ್ಲೇ ಉಳಿಯಿತು, ಸಾಸಲಿನ ಹಿಂಡೂ ಉಳಿಯಿತು. ಮಿಂಚುಳ್ಳಿ ಒಂದು ಸಲ ಕೊಂಬೆಗಳ ನಡುವೆ ಧುಮುಕಿ ರೆಕ್ಕೆ ತರಚಿಕೊಂಡಿತು. ಆಮೇಲೆ ಬುದ್ಧಿ ಬಂದು ಆ ಸೊಟ್ಟ ಕೊಂಬೆಯ ಮೇಲೆ ಕೂತು, ಯಾವ ಮೀನು ಯಾವಾಗ ಮರೆತು ಈಚೆ ಬರುತ್ತದೋ ಎಂದು ಕಾಯಲು ಶುರುಮಾಡಿತು. ಊರಿನ ಹೆಂಗಸರು ಎರಡು ಗುಡ್ಡ ಹತ್ತುವುದನ್ನು ಬಿಟ್ಟು ಏರಿ ಇಳಿದು ಕೊಡ ತುಂಬಿಕೊಂಡರು.

ಆಮೇಲೆ ಎಷ್ಟೋ ಕೆರೆಗಳಾದವು, ಎಷ್ಟೋ ಕೊಂಬೆಗಳು ಅವುಗಳಲ್ಲಿ ಮುಳುಗಿದವು. ಈಗಲೂ ಒಂದು ದಿನ ಏರಿಯ ಮೇಲೆ ನಿಂತು ನೋಡು ಮಗು. ಗಾಳಿಯಿರುವುದಿಲ್ಲ, ಕೆರೆಯೆಲ್ಲ ಸುಮ್ಮನಿರುತ್ತದೆ, ಆದರೆ ಕೊಂಬೆ ಮುಳುಗಿರುವ ಜಾಗದಲ್ಲಿ ಮಾತ್ರ ಗುಳುಗುಳು ಗುಳ್ಳೆಯೆದ್ದು ನೀರು ಉಂಗುರ ಉಂಗುರವಾಗಿ ಬಿಚ್ಚಿಕೊಳ್ಳುತ್ತಿರುತ್ತದೆ. ಅಲ್ಲಿ ಮೀನುಗಳು ಮನೆ ಮಾಡಿವೆ, ಕೆರೆಗೆ ಕಚಗುಳಿಯಾಗಿದೆ, ಅವಳು ನಗುತ್ತಿದ್ದಾಳೆ.