ಸೊಸೆಯ ಬುಟ್ಟಿ

"ಮಾಸ್ತರ್ರೇ, ನಂದೇ ಅಂತ ಒಂದು ಚಿತ್ರ ನನ್ನ ಕೈಯಲ್ಲಿ ಬರೂದು ಯಾವಾಗ?"

ಸುಗಂಧಿ ಹೀಗೆ ಕೇಳಿದ್ದು ಒಂದು ಸಂಜೆ, ಅಂಕೋಲೆಯ ಆಚೆಯ ಕಡಲ ದಡದಲ್ಲಿ, ಟ್ರೈಪಾಡಿನ ಕಾಲಿಗೆ ಮೆತ್ತಿದ ಮರಳು ಒರೆಸುತ್ತಾ. ಕೇಳಿದ ಮೇಲೆ ಇನ್ನೊಂದು ಮಾತು ಸೇರಿಸಿದಳು. "ಬರೂದೇ ಇಲ್ಲ ಅಂತಾದ್ರೆ ಇವತ್ತೇ ಹೇಳಿಬಿಡಿ. ಕ್ಯಾಮೆರಾ ಮಾರಿಬಿಡ್ತೆ."

ಅವಳ ಗುರು ಬೀರಣ್ಣ ಮಾಸ್ತರರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದವರು. ಕ್ಯಾಮೆರಾ ಹಿಡಿದ ದಿನದಿಂದ ಸಮುದ್ರ ಬಿಟ್ಟು ಬೇರೇನನ್ನೂ ತೆಗೆದವರಲ್ಲ. ಮದುವೆಗೆ ಕರೆದರೆ ಊಟಕ್ಕೆ ಹೋಗುತ್ತಿದ್ದರು, ಕ್ಯಾಮೆರಾ ಒಯ್ಯುತ್ತಿರಲಿಲ್ಲ. ಸುಗಂಧಿಯದು ಪೇಟೆಯಲ್ಲಿ ಜೆರಾಕ್ಸ್ ಅಂಗಡಿ. ಪಾಸ್‌ಪೋರ್ಟ್ ಫೋಟೊ ಕೂಡ ತೆಗೆಯುತ್ತಾಳೆ. ದಿನಕ್ಕೆ ಇಪ್ಪತ್ತು ಜನರಿಗೆ "ಗದ್ದ ಸ್ವಲ್ಪ ಕೆಳಗೆ" ಎಂದು ಹೇಳಿ ಹೇಳಿ ಸಾಕಾಗಿ, ಗದ್ದವೇ ಇಲ್ಲದ ಸಮುದ್ರವನ್ನು ಹುಡುಕಿಕೊಂಡು ಮಾಸ್ತರರ ಬಳಿ ಬಂದಿದ್ದಳು. ಬಂದು ಎರಡು ವರ್ಷವಾಗಿತ್ತು.

ಕಲಿಸುವುದರಲ್ಲಿ ಮಾಸ್ತರರು ಏನನ್ನೂ ಮುಚ್ಚಿಟ್ಟವರಲ್ಲ. ಒದ್ದೆ ಮರಳಿನಲ್ಲಿ ಟ್ರೈಪಾಡ್ ಊರಿದ ಕೂಡಲೇ ಕ್ಲಿಕ್ಕಿಸಬಾರದು, ಎರಡು ಅಲೆ ಬಂದು ಹೋಗಿ ಅದರ ಕಾಲು ತಾನಾಗಿ ಕೂರಬೇಕು ಎಂದು ಹೇಳಿಕೊಟ್ಟರು. ಯಾವ ತಿಂಗಳು ಸೂರ್ಯ ಯಾವ ಬಂಡೆಯ ಹಿಂದೆ ಇಳಿಯುತ್ತಾನೆ ಎಂದು ತೋರಿಸಿದರು. ಲೆನ್ಸಿನ ಮೇಲೆ ಕೂತ ಉಪ್ಪುನೀರನ್ನು ದುಪಟ್ಟಾದಲ್ಲಿ ಒರೆಸಿದ್ದಕ್ಕೆ ಒಂದು ದಿನ ಪೂರ್ತಿ ಮಾತು ಬಿಟ್ಟರು. ಎಲ್ಲಿ ನಿಲ್ಲಬೇಕೆಂದೂ ಅವರೇ ಹೇಳುತ್ತಿದ್ದರು. ಮಾಸ್ತರರು ತಮ್ಮ ಟ್ರೈಪಾಡ್ ಎತ್ತಿದರೆ ಸಾಕು, ಅದು ಮರಳಿನಲ್ಲಿ ಬಿಟ್ಟ ಮೂರು ಗುಳಿಗಳಿಗೇ ಸುಗಂಧಿ ತನ್ನ ಟ್ರೈಪಾಡಿನ ಮೂರು ಕಾಲುಗಳನ್ನು ಇಳಿಸುತ್ತಿದ್ದಳು. ಗುರುಭಕ್ತಿ ಎಂದರೆ ಅದೇ ಎಂದು ಅವಳು ತಿಳಿದಿದ್ದಳು.

ಹೋದ ತಿಂಗಳು ಒಂದು ಪ್ರದರ್ಶನಕ್ಕೆ ಐದು ಚಿತ್ರ ಕಳಿಸಿದ್ದಳು. ಐದೂ ವಾಪಸು ಬಂದವು. ಜೊತೆಗೊಂದು ಚೀಟಿ: "ಚಿತ್ರಗಳು ಚೆನ್ನಾಗಿವೆ. ಆದರೆ ಇವನ್ನು ನಿಮ್ಮ ಗುರುಗಳು ಹಿಂದೆಯೇ ತೆಗೆದಿದ್ದಾರೆ." ಚೆನ್ನಾಗಿಲ್ಲ ಎಂದಿದ್ದರೆ ಅವಳು ಎರಡು ದಿನ ಅತ್ತು ಸುಮ್ಮನಾಗುತ್ತಿದ್ದಳು. ಈ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ತನ್ನ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲವೇ ಎಂಬ ಹೆದರಿಕೆ ಅವಳನ್ನು ಹಿಡಿದುಕೊಂಡಿತು.

ಈಗ ಅವಳು ಚಾಚಿದ ಆ ಚೀಟಿಯನ್ನು ಮಾಸ್ತರರು ಓದಿದರು. ಮಡಚಿ ಅವಳ ಕೈಗೇ ಕೊಟ್ಟರು.

"ಕೂತ್ಕೋ. ಒಂದು ಕತೆ ಹೇಳ್ತೆ."

ಮಾಸ್ತರರು ಕತೆ ಹೇಳುತ್ತೇನೆ ಎಂದರೆ ಬೈಗುಳ ಬರುವುದಿದೆ ಎಂದು ಅರ್ಥ. ಸುಗಂಧಿ ಬಂಡೆಯ ಮೇಲೆ ಮುದುಡಿ ಕೂತಳು. ಮಾಸ್ತರರು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬಳು ಅತ್ತೆ, ಒಬ್ಬಳು ಸೊಸೆ. ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆಯುವುದು ಅವರ ಕಸುಬು. ಇಳಿತದ ಹೊತ್ತಿಗೆ ನೀರು ಸರಿದು ಮರಳಿನ ದಿಬ್ಬ ಮೇಲೇಳುತ್ತದೆ. ಬಳಚಿನ ಚಿಪ್ಪು ಆ ಮರಳಿನೊಳಗೆ ಹುದುಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಕಾಲಬೆರಳಿನಿಂದ ತಡಕಬೇಕು. ಬೆರಳಿಗೆ ತಾಗಿದರೆ ಬಗ್ಗಿ ಎತ್ತಬೇಕು.

ಅತ್ತೆ ಮೂವತ್ತು ವರ್ಷದಿಂದ ಆ ದಿಬ್ಬಕ್ಕೆ ಹೋಗುತ್ತಿದ್ದವಳು. ಗಂಡ ದೋಣಿಯ ಜೊತೆ ಕಡಲಪಾಲಾದಂದಿನಿಂದ ಒಬ್ಬಳೇ ಹೋಗುತ್ತಿದ್ದಳು. ಮಗನನ್ನು ಬೆಳೆಸಿದ್ದು ಬಳಚಿನಲ್ಲಿ, ಮದುವೆ ಮಾಡಿಸಿದ್ದು ಬಳಚಿನಲ್ಲಿ. ಸೊಸೆಯಾಗಿ ಬಂದವಳು ಘಟ್ಟದ ಮೇಲಿನ ಹುಡುಗಿ. ಸಮುದ್ರವನ್ನು ಮೊದಲ ಸಲ ನೋಡಿದಾಗ ಇದಕ್ಕೆ ಆಚೆ ದಡ ಎಲ್ಲಿದೆ ಎಂದು ಕೇಳಿದವಳು.

ದಿಬ್ಬಕ್ಕೆ ಹೋಗುವ ದಾರಿಯಲ್ಲಿ ಒಂದು ಕೆಸರಿನ ಕಾಲುವೆ ಇತ್ತು. ಗೊತ್ತಿಲ್ಲದವರು ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವ ಜಾಗ. ಮೊದಲ ದಿನವೇ ಸೊಸೆ ಅದರಲ್ಲಿ ಇಳಿದಳು. ಅತ್ತೆ ತಿರುಗಿ ನೋಡುವಷ್ಟರಲ್ಲಿ ಹುಡುಗಿ ತೊಡೆಮಟ್ಟ ಹೋಗಿದ್ದಳು. ಅತ್ತೆ ಅವಳ ಜಡೆಗೆ ಕೈ ಹಾಕಿ, ರಟ್ಟೆ ಹಿಡಿದು, ಹೇಗೋ ಮೇಲಕ್ಕೆಳೆದಳು. ಎಳೆದು ಎದೆಗೆ ಅಪ್ಪಿಕೊಂಡಳು. ಅಪ್ಪಿಕೊಂಡೇ ಬೈದಳು.

"ಕಣ್ಣು ಎಲ್ಲಿಟ್ಕಂಡೀಯೇ? ನಾನು ಕಾಲಿಟ್ಟಲ್ಲೇ ಕಾಲಿಡು!"

ಸೊಸೆ ಆ ಮಾತನ್ನು ಮಂತ್ರದಂತೆ ಹಿಡಿದಳು. ಕಾಲುವೆಯಲ್ಲಿ ಅತ್ತೆ ಕಾಲಿಟ್ಟಲ್ಲೇ ಕಾಲಿಟ್ಟಳು. ಸರಿ. ಕಾಲುವೆ ದಾಟಿ ಗಟ್ಟಿ ಮರಳಿನ ದಿಬ್ಬಕ್ಕೆ ಬಂದ ಮೇಲೂ ಅತ್ತೆ ಕಾಲಿಟ್ಟಲ್ಲೇ ಕಾಲಿಟ್ಟಳು. ಅತ್ತೆ ಒಂದು ಹೆಜ್ಜೆ ಮುಂದೆ ಸರಿದರೆ ಸೊಸೆ ಆ ಗುಳಿಯಲ್ಲಿ ಕಾಲಿಟ್ಟು ಬೆರಳಾಡಿಸುವಳು. ಅಲ್ಲಿದ್ದ ಬಳಚನ್ನು ಅತ್ತೆ ಆಗಲೇ ಆಯ್ದುಕೊಂಡಾಗಿರುತ್ತಿತ್ತು. ಇಳಿತ ಮುಗಿದು ನೀರು ಏರುವ ಹೊತ್ತಿಗೆ ಅತ್ತೆಯ ಬುಟ್ಟಿ ತುಂಬಿರುತ್ತಿತ್ತು, ಸೊಸೆಯ ಬುಟ್ಟಿಯಲ್ಲಿ ಹಿಡಿಯಷ್ಟು ಚೂರು ಚಿಪ್ಪು ಇರುತ್ತಿತ್ತು.

ಸುಗಂಧಿಗೆ ತಡೆಯಲಾಗಲಿಲ್ಲ. "ಅವಳೇನು ದಡ್ಡಿಯಾ ಮಾಸ್ತರ್ರೇ?"

"ದಡ್ಡಿ ಅಲ್ಲ, ಹೇಳಿದ ಮಾತು ಕೇಳುವವಳು. ದೂರದಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ತದೆ," ಎಂದು ಮಾಸ್ತರರು ಕತೆ ಮುಂದುವರಿಸಿದರು.

ದಡ್ಡಿ ಎನ್ನುವುದಾದರೆ ಅತ್ತೆಯನ್ನು ಎನ್ನಬೇಕು. ತಪ್ಪು ಎಲ್ಲಿದೆ ಎಂದು ಅವಳಿಗೆ ಎರಡನೆಯ ದಿನವೇ ಗೊತ್ತಾಗಿತ್ತು. ಆ ಕಡೆ ಹೋಗಿ ಹುಡುಕೇ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಸೊಸೆ ಕೈಕಾಲು ತೊಳೆಯಲು ಆಚೆ ಹೋದಾಗ ತನ್ನ ಬುಟ್ಟಿಯಿಂದ ಅರ್ಧ ತೆಗೆದು ಅವಳ ಬುಟ್ಟಿಗೆ ಸುರಿದುಬಿಡುತ್ತಿದ್ದಳು. ಬರಿ ಬುಟ್ಟಿ ಹೊತ್ತು ಊರೊಳಗೆ ಹೋದರೆ ಹುಡುಗಿಯ ಮುಖ ಬಾಡುತ್ತದೆ ಎಂದು ಅವಳ ಲೆಕ್ಕಾಚಾರ. ಸೊಸೆ ಬಂದು ಬುಟ್ಟಿ ನೋಡುವಳು, ಅತ್ತೆಯ ಮುಖ ನೋಡುವಳು, ತಲೆ ತಗ್ಗಿಸಿ ಬುಟ್ಟಿ ಎತ್ತಿಕೊಳ್ಳುವಳು. ಇಬ್ಬರೂ ಆ ವಿಷಯ ಬಾಯಿಬಿಟ್ಟು ಆಡಲಿಲ್ಲ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಹಾಗಿರಲಿಲ್ಲ. ಅತ್ತೆಗೆ ಆ ಹುಡುಗಿಯ ಮೇಲೆ ಜೀವ. ಮೂವತ್ತು ವರ್ಷ ಆ ನೀರಿನಲ್ಲಿ ಅವಳು ಕೇಳಿದ್ದು ತನ್ನ ಕಾಲಿನ ಸದ್ದು ಒಂದನ್ನೇ. ಈಗ ಬೆನ್ನ ಹಿಂದೆ ಚಳಪ್ ಚಳಪ್ ಎಂದು ಇನ್ನೊಂದು ಜೋಡಿ ಕಾಲು ಬರುತ್ತಿತ್ತು. ಆ ಸದ್ದನ್ನು ದೂರ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ.

ಇಲ್ಲಿ ಮಾಸ್ತರರು ಕತೆ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು.

ಹೀಗೆ ಎರಡು ಮಳೆಗಾಲ ಕಳೆಯಿತು. ಒಂದು ದಿನ ಊರಿಗೆ ಹೊಸದಾಗಿ ಬಂದ ಇನ್ನೊಬ್ಬ ಸೊಸೆ ಈ ಹುಡುಗಿಯನ್ನು ಕೇಳಿದಳು. "ನಿನ್ನ ಬುಟ್ಟಿ ದಿನಾ ತುಂಬಿರ್ತದಲ್ಲೇ, ಬಳಚು ಎಲ್ಲಿ ಸಿಗ್ತದೆ?"

"ನಮ್ಮತ್ತೆ ಎಲ್ಲಿ ನಿಲ್ತಾರೋ ಅಲ್ಲಿ," ಎಂದಳು ಹುಡುಗಿ. ನೆರೆದಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗಿಯೂ ನಕ್ಕಳು. ಹಿಂದೆ ಬರುತ್ತಿದ್ದ ಅತ್ತೆಗೆ ಮಾತ್ರ ನಗು ಬರಲಿಲ್ಲ. ನಾನು ಕಣ್ಣು ಮುಚ್ಚಿದರೆ ಈ ಮಗು ಎಲ್ಲಿ ನಿಲ್ಲುತ್ತದೆ ಎಂಬ ಯೋಚನೆ ಅವಳಿಗೆ ಬಂದದ್ದು ಅದೇ ಮೊದಲು. ಅವತ್ತು ಅವಳಿಗೆ ಅನ್ನ ಸೇರಲಿಲ್ಲ.

ಮರುದಿನ ಅತ್ತೆ ದಂಡೆಯವರೆಗೆ ಬಂದು ಕೂತುಬಿಟ್ಟಳು. "ನಂಗೆ ಮಂಡಿ ನೋವು ಕಣೇ. ಇವತ್ತು ನೀನು ಹೋಗು."

ಸೊಸೆ ಕಾಲುವೆಯನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು. ಆದರೂ ಹೋದಳು. ಕೆಸರಿನ ಕಾಲುವೆಯನ್ನು ಅತ್ತೆ ದಾಟುತ್ತಿದ್ದ ಹಾಗೆಯೇ ದಾಟಿದಳು. ಅಲ್ಲಿ ಜಾಣತನ ತೋರಿಸಲಿಲ್ಲ. ದಿಬ್ಬ ಹತ್ತಿ ನೋಡಿದರೆ ಎಲ್ಲಿಯೂ ಒಂದು ಹೆಜ್ಜೆಯಿಲ್ಲ. ಭರತದ ನೀರು ಬಂದು ಎಲ್ಲವನ್ನೂ ಸಾರಿಸಿಟ್ಟು ಹೋಗಿತ್ತು. ಹುಡುಗಿ ನಿಂತೇ ಇದ್ದಳು. ಇಳಿತ ಕಾಯುವುದಿಲ್ಲ, ಅರ್ಧ ಹೊತ್ತು ಹಾಗೆಯೇ ಹೋಯಿತು. ದಂಡೆಯ ಮೇಲೆ ಅತ್ತೆ ಎರಡು ಸಲ ಎದ್ದು ಸೆರಗು ಸಿಕ್ಕಿಸಿದಳು, ಎರಡು ಸಲವೂ ಕೂತಳು. ಕೂರುವುದು ಅವಳಿಗೆ ಮೂವತ್ತು ವರ್ಷದ ಕೆಲಸಕ್ಕಿಂತ ಕಷ್ಟವಾಯಿತು.

ಕೊನೆಗೆ ಸೊಸೆ ನಿಂತಲ್ಲಿಂದ ಹೆಜ್ಜೆ ಎತ್ತಿದಳು. ಎಡಕ್ಕೆ ಹೋದಳು, ಸಿಗಲಿಲ್ಲ. ಬಲಕ್ಕೆ ಹೋದಳು, ಸಿಗಲಿಲ್ಲ. ದಿಬ್ಬದ ತುದಿಯಲ್ಲಿ ಕಲ್ಲಿಗೆ ಅಂಟಿದ ಚಿಪ್ಪುಗಳು ಕಾಲು ಕೊಯ್ಯುವ ಜಾಗವೊಂದಿತ್ತು. ಅತ್ತೆ ಆ ಕಡೆ ಸುಳಿಯುತ್ತಿರಲಿಲ್ಲ. ಹುಡುಗಿಗೆ ಅದು ಗೊತ್ತಿರಲಿಲ್ಲ, ಹೋದಳು. ಹಿಮ್ಮಡಿ ಕೊಯ್ದುಹೋಯಿತು. ಅಮ್ಮಾ ಎಂದು ಕಾಲು ಎತ್ತಿ ಪಕ್ಕಕ್ಕೆ ಊರಿದಳು. ಊರಿದ ಕಾಲಿನ ಬೆರಳಿಗೆ ದುಂಡಗೆ ಏನೋ ತಾಗಿತು. ಅದರ ಪಕ್ಕದಲ್ಲಿ ಇನ್ನೊಂದು.

ನೀರು ಏರುವಾಗ ತಿರುಗಿ ಬಂದಳು. ಬುಟ್ಟಿ ತುಂಬಿರಲಿಲ್ಲ, ಕಾಲು ಭಾಗವೂ ಇರಲಿಲ್ಲ. ಕುಂಟುತ್ತಾ ಬಂದವಳನ್ನು ಅತ್ತೆ ಕೂರಿಸಿ, ಹಿಮ್ಮಡಿಗೆ ಸೆರಗು ಹರಿದು ಕಟ್ಟಿ, ಬಾಯಿಗೆ ಬಂದಂತೆ ಬೈದಳು. ಬೈದು ಮುಗಿದ ಮೇಲೆ ಬುಟ್ಟಿಯಿಂದ ಒಂದು ಬಳಚು ಎತ್ತಿ ತಿರುಗಿಸಿ ನೋಡಿದಳು. ಚಿಪ್ಪು ದಪ್ಪ, ಬಣ್ಣ ಕಪ್ಪು. ಅವಳ ಮೂವತ್ತು ವರ್ಷದಲ್ಲಿ ಅಂಥದ್ದು ಕೈಗೆ ಬಂದಿರಲಿಲ್ಲ.

"ಇದು ಎಲ್ಲಿ ಸಿಕ್ತೇ?" ಎಂದು ಕೇಳಿದಳು.

ಸೊಸೆ ಕೈ ತೋರಿಸಿದಳು.

ಅವತ್ತು ಮನೆಯಲ್ಲಿ ಆ ಬಳಚಿನದೇ ಸಾರು. ಮರಳು ಸರಿಯಾಗಿ ತೊಳೆಯದೆ ಹಲ್ಲಿಗೆ ಕಟಕಟ ಎನ್ನುತ್ತಿತ್ತು. ಅತ್ತೆ ಮೂರು ಸಲ ಹಾಕಿಸಿಕೊಂಡು ಉಂಡಳು.

ಮಾಸ್ತರರು ಕತೆ ಮುಗಿಸಿದರು. ಕಡಲು ಇನ್ನೂ ಕೆಳಗೇ ಇತ್ತು, ಒದ್ದೆ ಮರಳಿನ ಮೇಲೆ ಬೆಳಕು ಸ್ವಲ್ಪ ಉಳಿದಿತ್ತು. ಸುಗಂಧಿ ಚೀಟಿಯನ್ನು ಬೆರಳಲ್ಲಿ ಸುರುಳಿ ಸುತ್ತಿದಳು. ಎರಡು ವರ್ಷದಲ್ಲಿ ಈ ಮನುಷ್ಯ ತನಗೆ ಎಷ್ಟು ಕೊಟ್ಟಿದ್ದಾರೆ ಎಂದು ನೆನೆದು ಅವಳ ಕಣ್ಣು ತುಂಬಿತು. ಅದನ್ನು ಮರೆಮಾಡಲು ಏನಾದರೂ ಕೇಳಬೇಕಿತ್ತು, ಕೇಳಿದಳು.

"ಮಾಸ್ತರ್ರೇ, ಅತ್ತೆಗೆ ನಿಜವಾಗ್ಲೂ ಮಂಡಿ ನೋವಿತ್ತಾ?"

ಮಾಸ್ತರರು ಎದ್ದು ಪಂಚೆ ಕೊಡವಿದರು. ಎಪ್ಪತ್ತರ ಆ ಮನುಷ್ಯ ಒಂದು ಬಂಡೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿದು ದಡ ಸೇರಿದರು. ಅಲ್ಲಿ ನಿಂತು ತಿರುಗಿ ನೋಡಿದರು.

"ನಾಳೆ ಬೆಳಿಗ್ಗೆ ಆರೂಕಾಲಿಗೆ ಇಳಿತ, ನಂಗೆ ಮಂಡಿ ನೋವು."