ಎರಡು ಬೆರಳು ಕಡಿಮೆಯಾದ ತಗಡು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲೊಂದು ಊಟದ ಮನೆ. ಅದರ ಚಾವಣಿ ಅಲೆಯಂತೆ ಸಾಲು ಸಾಲು ಏಣುಗಳಿರುವ ಹಳೆಯ ತಗಡಿನದು. ಬಂದವರು ಯಾರು, ಎಲ್ಲಿಯವರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪಂಕ್ತಿಯಲ್ಲಿ ಕೂತವರಿಗೆ ರೊಟ್ಟಿ ಬೀಳುತ್ತದೆ, ಅಷ್ಟೇ.

ಒಂದು ದಿನ ಸಾಹುಕಾರ ಚನ್ನವೀರಪ್ಪನವರು ಬಂದು ಗುರು ಮೌನಾಚಾರ್ಯರ ಮುಂದೆ ಕೂತರು.

"ಅಜ್ಜಾರೇ, ಈ ತಗಡು ಕಿತ್ತುಹಾಕೋಣ. ಕಲ್ಲಿನ ಮನೆ ಕಟ್ಟಿಸಿಕೊಡುತ್ತೇನೆ. ನನ್ನದು ಒಂದೇ ಮಾತು. ನಮ್ಮ ಮನೆಯ ಚೀಟಿ ತಂದವರಿಗೆ ಮಾತ್ರ ಊಟ."

ಗುರುಗಳು ತಲೆಯೆತ್ತಿ ಚಾವಣಿ ನೋಡಿದರು. ಸಾಹುಕಾರರು ಮುಂದುವರಿಸಿದರು:

"ಹಳೇ ಮನೆಯ ನೆನಪಿಗೆ ಅದರದೇ ಪುಟ್ಟ ಮಾದರಿ ಮಾಡಿಸಿ. ಹೊಸ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡೋಣ."

"ಮಾದರಿ ಆದ ದಿನ ಬನ್ನಿ. ಉತ್ತರ ಅಂದು ಹೇಳುತ್ತೇವೆ."

ಅವರು ಹೋದ ಮೇಲೆ ಶಿಷ್ಯ ಈರಭದ್ರ ಮೆಲ್ಲಗೆ ಅಂದ, "ಗುರುಗಳೇ, ಅವರು ಕೇಳಿದ್ದು ಒಂದು ಚೀಟಿ. ಅಷ್ಟಕ್ಕೆ ಕಲ್ಲಿನ ಮನೆ ಬಿಡುವುದೇ?"

"ನೀನು ಕಂಚುಗಾರರ ಮನೆಯವನು. ಮೊದಲು ಮಾದರಿಗೆ ತಗಡು ಹೊದಿಸು. ಆಮೇಲೆ ಮಾತು."

ಮಾದರಿಯ ಮರದ ಕಂಬ, ಗೋಡೆ ಎರಡೇ ದಿನದಲ್ಲಿ ನಿಂತವು. ಚಾವಣಿಗೆ ಕಾಗದದಷ್ಟು ತೆಳುವಾದ ತಗಡು ಕತ್ತರಿಸಿ, ಮೇಲೆ ಬರೀ ಗೆರೆ ಗೀರಿ, ಈರಭದ್ರ ಹೊದಿಸಿದ.

ಗುರುಗಳು ನೀರು ತುಂಬಿದ ತಂಬಿಗೆಯನ್ನು ಅದರ ಮೇಲಿಟ್ಟರು. ಚಾವಣಿ ಕುಸಿಯಿತು.

"ಗಾಜಿನೊಳಗೆ ಕೂರುವ ಮನೆ ಇದು. ಇದಕ್ಕೆ ಭಾರ ಯಾಕೆ, ಗುರುಗಳೇ?"

"ನಮ್ಮ ಚಾವಣಿ ಏಣುಗಳ ಬಲದಿಂದ ಭಾರ ಹೊರುತ್ತದೆ. ನೀನು ಮಾಡಿದ್ದು ಯಾವ ಮನೆಯ ಮಾದರಿ?"

ಈರಭದ್ರ ಹಲಗೆಯ ಮೇಲೆ ತಂತಿಗಳನ್ನು ಒತ್ತೊತ್ತಾಗಿ ಬಿಗಿದ. ಮೊದಲಿನ ಅಳತೆಗೇ ಇನ್ನೊಂದು ತಗಡು ಕತ್ತರಿಸಿ ಮೇಲೆ ಹಾಸಿದ. ಕೊಂಬಿನ ಚೂರು ಹಿಡಿದು ತಂತಿ ತಂತಿಯ ನಡುವೆ ಒತ್ತಿ ತೀಡಿದ. ಏಣುಗಳು ಚೆಂದವಾಗಿ ಎದ್ದವು.

ಚಾವಣಿಗೆ ಇಟ್ಟು ನೋಡಿದರೆ ತಗಡು ಎರಡು ಬೆರಳು ಕಡಿಮೆ! ಏಣು ಏಳುತ್ತಾ ಏಳುತ್ತಾ ಅಗಲವನ್ನು ತಿಂದಿದ್ದವು.

ಈರಭದ್ರ ಅತ್ತಿತ್ತ ನೋಡಿದ. ಎರಡೂ ಅಂಚು ಹಿಡಿದು ಜಗ್ಗಿ ಅಳತೆಗೆ ತಂದ. ಮೊಳೆ ಹೊಡೆದ.

ಗುರುಗಳು ತಂಬಿಗೆ ಇಟ್ಟರು. ಮತ್ತೆ ಕುಸಿಯಿತು.

"ಏನು ಮಾಡಿದೆ?"

"ಸ್ವಲ್ಪ ಜಗ್ಗಿದೆ. ಎರಡೇ ಬೆರಳು."

"ಏಣು ಎಷ್ಟು ಉಳಿದಿವೆ, ಸವರಿ ಹೇಳು."

ಈರಭದ್ರ ಬೆರಳಾಡಿಸಿದ. ಒಂದೂ ಸಿಗಲಿಲ್ಲ. ಅವನು ಮೊಳೆ ಕಿತ್ತು ಆ ತಗಡನ್ನು ಪಕ್ಕಕ್ಕೆ ಎತ್ತಿಟ್ಟ.

ಮೂರನೆಯ ತಗಡನ್ನು ಅಗಲವಾಗಿ ಕತ್ತರಿಸಿ ತೀಡಿದ. ಈ ಸಲ ತಂಬಿಗೆಯನ್ನು ತಾನೇ ತುಂಬಿ ತಂದು ಇಟ್ಟ. ಚಾವಣಿ ಅಲುಗಲಿಲ್ಲ.

ಸಾಹುಕಾರರು ಗಾಜಿನ ಪೆಟ್ಟಿಗೆ ಹೊರಿಸಿಕೊಂಡೇ ಬಂದರು.

"ಭಲೇ! ತಂಬಿಗೆ ಹೊತ್ತಿದೆಯಲ್ಲ! ಸರಿ ಅಜ್ಜಾರೇ, ಉತ್ತರ?"

ಗುರುಗಳು ಶಿಷ್ಯನ ಕಡೆ ನೋಡಿದರು. "ಇವನು ಹೇಳುತ್ತಾನೆ."

ಈರಭದ್ರ ಎದ್ದು ನಿಂತ. "ನಿಮ್ಮ ಕಲ್ಲಿನ ಮನೆ ಬೇಡ, ಸಾಹುಕಾರರೇ."

"ಒಂದು ಚೀಟಿಗೆ ಇಷ್ಟು ಹಟವೇ?"

"ಎರಡು ಬೆರಳು ಜಗ್ಗಿದ್ದಕ್ಕೆ ಇದರ ಏಣೆಲ್ಲ ಹೋಯಿತು. ನಿಮ್ಮ ಚೀಟಿಯೂ ಹಾಗೆಯೇ ಜಗ್ಗುತ್ತದೆ." ಈರಭದ್ರ ಹಾಳಾದ ತಗಡನ್ನು ಅವರ ಕೈಗಿಟ್ಟ.

ಸಾಹುಕಾರರ ಮುಖ ಕೆಂಪಾಯಿತು. "ಗಾಳಿಗೆ ನಿಮ್ಮ ಹಳೇ ತಗಡು ಹಾರಿಹೋದಾಗ ನನ್ನ ಬಾಗಿಲಿಗೆ ಬರಬೇಡಿ!"

"ಬರುವುದಿಲ್ಲ," ಎಂದ ಈರಭದ್ರ. "ಹಾರಿದರೆ ಹೆಕ್ಕಿ ತಂದು ಮತ್ತೆ ಹೊದಿಸುತ್ತೇವೆ."

ಗುರುಗಳು ತಂಬಿಗೆಯನ್ನು ಪಕ್ಕಕ್ಕಿಟ್ಟರು. ಪುಟ್ಟ ಮನೆಯನ್ನು ಎರಡೂ ಕೈಯಲ್ಲಿ ಎತ್ತಿ ಗಾಜಿನ ಪೆಟ್ಟಿಗೆಯೊಳಗೆ ಇಳಿಸಿ, ಮುಚ್ಚಳ ಹಾಕಿದರು.

"ಇದನ್ನು ನಿಮ್ಮ ಮನೆಯಲ್ಲಿಟ್ಟುಕೊಳ್ಳಿ. ದೊಡ್ಡದು ಇಲ್ಲೇ ಇರುತ್ತದೆ. ಬಿಸಿಲೇರಿದೆ, ಒಳಗೆ ಬಂದು ಪಂಕ್ತಿಯಲ್ಲಿ ಕೂತುಕೊಳ್ಳಿ, ಸಾಹುಕಾರರೇ. ಚೀಟಿ ಬೇಡ."